ನಿಂತಂತೆ ಕಂಡ ಕಪ್ಲಿಂಗ್

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿರುವ ಫಿಟ್ಟರಣ್ಣನ ಮನೆಯವರು, ನಮ್ಮ ಅತ್ತಿಗೆಗೆ, ಅವರ ಮಗಳಿಗೆ, ದೂರದಿಂದ ಬಂದಿರುವ ಬಂಧುಗಳಿಗೆ, ಅತ್ತಿಗೆಯ ಪಕ್ಕದ ಕುರ್ಚಿಯಲ್ಲಿರುವ ನಮ್ಮ ಮ್ಯಾನೇಜರ್ ಸಾಹೇಬರಿಗೆ, ಪಾಳಿ ಮುಗಿಸಿ ಕೈಗೆ ಹತ್ತಿದ ಗ್ರೀಸು ಪೂರ್ತಿ ಹೋಗುವ ಮೊದಲೇ ಓಡಿಬಂದಿರುವ ಪಂಪ್‌ಮನೆಯ ಗೆಳೆಯರಿಗೆ, ಕುರ್ಚಿ ಸಾಲದೆ ನೆಲದ ಮೇಲೆ ಕೂತವರಿಗೆ — ಎಲ್ಲರಿಗೂ.

ನಾನು ಈ ನೀರೆತ್ತುವ ಕೇಂದ್ರದ ಸ್ಟೋರ್ ಕೀಪರ್. ಫಿಟ್ಟರಣ್ಣನವರ ಬಗ್ಗೆ ಎರಡು ಮಾತು ಹೇಳಿ ಅಂತ ಕರೆದಿದ್ದಾರೆ. ಎರಡೇ ಅಂತ ಒತ್ತಿ ಹೇಳಿದ್ದಾರೆ. ನನ್ನನ್ನು ಬಲ್ಲವರಿಗೆ ಗೊತ್ತು, ಎರಡು ಮಾತಿನಷ್ಟು ಹೊತ್ತಿನಲ್ಲಿ ನಾನು ಕನ್ನಡಕ ಕೂಡ ಒರೆಸಿ ಮುಗಿಸುವುದಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ದುಃಖದ ಮಾತುಗಳನ್ನು ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿಯೇ ಆಡಿದ್ದಾರೆ. ತುಂಬಲಾರದ ನಷ್ಟ ಅಂದರು. ಆತ್ಮಕ್ಕೆ ಶಾಂತಿ ಸಿಗಲಿ ಅಂದರು. ಸಿಗಲಿ. ನನಗೂ ದುಃಖವಿದೆ, ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಇಲ್ಲಿಗೆ ತಂದಿರುವುದು ಸಿಟ್ಟು. ಯಾಕೆ ಅಂತ ಹೇಳುತ್ತೇನೆ.

ನೀವು ಕೂರುವ ಮೊದಲು ನಿಮ್ಮ ಕುರ್ಚಿಗಳ ಮೇಲೆ ಒಂದೊಂದು ಹಾಳೆ ಇತ್ತು. ಕೆಲವರು ಅದನ್ನು ಮಡಿಸಿ ಬೀಸಣಿಗೆ ಮಾಡಿಕೊಂಡಿದ್ದೀರಿ, ಸಂತೋಷ, ಅದು ಅದಕ್ಕೇ ಲಾಯಕ್ಕು. ಉಳಿದವರು ಒಮ್ಮೆ ನೋಡಿ. ಸಂತಾಪ ನಿರ್ಣಯ. ಮೂರನೆಯ ಸಾಲು. ಓದುತ್ತೇನೆ — ‘ಕರ್ತವ್ಯದಲ್ಲಿದ್ದಾಗ ತಮ್ಮ ಕ್ಷಣಮಾತ್ರದ ಅಜಾಗರೂಕತೆಯಿಂದ ನಮ್ಮನ್ನಗಲಿದ...’

ತಮ್ಮ. ಅಜಾಗರೂಕತೆಯಿಂದ.

ಹೊರಗಿನಿಂದ ಬಂದವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಅವರಿಗಾಗಿ ಹೇಳುತ್ತೇನೆ. ನಮ್ಮ ಕೇಂದ್ರದಲ್ಲಿ ಸಂತಾಪ ನಿರ್ಣಯಕ್ಕೆ ಯಾರೂ ಕೈ ಎತ್ತುವುದಿಲ್ಲ. ಮ್ಯಾನೇಜರು ಓದುತ್ತಾರೆ, ನಾವೆಲ್ಲ ಎದ್ದು ಮೌನವಾಗಿ ನಿಲ್ಲುತ್ತೇವೆ, ಮತ್ತೆ ಕೂತ ಕೂಡಲೇ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಅಂತ ಗುಮಾಸ್ತರು ಬರೆದುಕೊಳ್ಳುತ್ತಾರೆ. ನಿಂತರೆ ಒಪ್ಪಿದ ಹಾಗೆ. ಯಾರು ತಾನೇ ನಿಲ್ಲದೆ ಇರುತ್ತಾರೆ ಹೇಳಿ? ಸತ್ತವರಿಗೆ ಗೌರವ ಕೊಡಲು ನಿಲ್ಲುತ್ತೇವೆ. ನಿಂತದ್ದು ಮೂರನೆಯ ಸಾಲಿಗೂ ಸಂದಾಯವಾಗುತ್ತದೆ. ಈ ಉಪಾಯ ಕಂಡುಹಿಡಿದವರು ಯಾರೋ, ದೊಡ್ಡ ತಲೆ.

ನನಗೆ ನೆನಪು ಜಾಸ್ತಿ. ಅದೊಂದು ಕಾಯಿಲೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇದೇ ಕೋಣೆಯಲ್ಲಿ, ಇದೇ ಹಳದಿ ಗೋಡೆಯ ಮುಂದೆ ನಾನು ಎಷ್ಟೋ ಸಲ ಎದ್ದು ನಿಂತಿದ್ದೇನೆ. ಕ್ರೇನಿನವರು ಹೋದಾಗ ನಿರ್ಣಯದಲ್ಲಿದ್ದ ಪದ ‘ಆತುರ’. ಕ್ರೇನಿನವರಿಗೆ ಆತುರ! ಊಟದ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ಮನುಷ್ಯ. ಕ್ಲೋರಿನ್ ಕೋಣೆಯವರು ಹೋದಾಗ ‘ಸ್ವಂತ ಅನಾರೋಗ್ಯ’. ಅನಿಲ ಸೋರುವ ಕೋಣೆಯಲ್ಲಿ ವರ್ಷಗಟ್ಟಲೆ ಕೂತವರ ಕೆಮ್ಮು ಅವರ ಸ್ವಂತದ್ದಂತೆ, ಅಪ್ಪನಿಂದ ಬಂದ ಆಸ್ತಿಯಂತೆ. ಪ್ರತಿಯೊಬ್ಬರಿಗೂ ಹೋಗುವಾಗ ಒಂದು ಪದ ಕಟ್ಟಿ ಕಳಿಸಿದ್ದೇವೆ. ಆ ಪದ ಅವರ ಹೆಂಡತಿ ಮಕ್ಕಳ ಜೊತೆ ಮನೆಗೆ ಹೋಗಿದೆ. ಸೋರುವ ಕೋಣೆ ಮಾತ್ರ ಇದ್ದಲ್ಲೇ ಇದೆ.

ಈಗ ಫಿಟ್ಟರಣ್ಣನ ಸರದಿ.

ಅವರ ಎದುರು ನಾವೆಲ್ಲ ಫಿಟ್ಟರಣ್ಣ ಅನ್ನುತ್ತಿದ್ದೆವು. ಹಿಂದಿನಿಂದ ಏನನ್ನುತ್ತಿದ್ದೆವು, ಪಂಪ್‌ಮನೆಯವರೇ ಹೇಳಿ. — ಹೂಂ. ‘ಇನ್ನೊಂದ್ಸಲ’. ಅತ್ತಿಗೆ ನಗುತ್ತಿದ್ದಾರೆ, ಅವರಿಗೂ ಗೊತ್ತು. ಬೋಲ್ಟು ಬಿಗಿ ಮಾಡುತ್ತಿದ್ದರು, ಪಾನಾ ಕೆಳಗಿಡುತ್ತಿದ್ದರು, ನಾವು ಹೊರಡುವುದಕ್ಕೆ ತಿರುಗಿದರೆ ಹಿಂದಿನಿಂದ ಆ ಮಾತು ಬರುತ್ತಿತ್ತು — ‘ತಡೀರಪ್ಪ, ಇನ್ನೊಂದ್ಸಲ ನೋಡ್ಬಿಡೋಣ.’ ಕ್ಯಾಂಟೀನಿನಲ್ಲಿ ಚಹಾದ ಲೋಟದ ಒಳಗೂ ಇನ್ನೊಂದು ಸಲ ನೋಡುತ್ತಿದ್ದರು. ಕ್ಯಾಂಟೀನಿನವರು ಕೇಳಿದರು, ‘ಏನಣ್ಣ, ನನ್ ಚಹಾದಲ್ಲಿ ಬೋಲ್ಟ್ ಬಿದ್ದಿದೆಯಾ?’ ಇವರು ಹೇಳಿದರು, ‘ಬಿದ್ದಿದ್ರೆ ಗಟ್ಟಿಯಾಗಿರೋದು ಕಣಯ್ಯ. ಇದು ಬರೀ ನೀರು.’

ಇಂಥವರು ಅಜಾಗರೂಕರು. ಹಾಳೆಯಲ್ಲಿ ಹಾಗೆ ಅಚ್ಚಾಗಿದೆ.

ಆಗಿದ್ದೇನು ಅಂತ ಬಂಧುಗಳಿಗೆ ಸರಿಯಾಗಿ ತಿಳಿಯಬೇಕು. ಅದಕ್ಕೆ ಮೊದಲು ಕಪ್ಲಿಂಗ್ ಅಂದರೆ ಏನು ಅಂತ ತಿಳಿಯಬೇಕು. ನನ್ನ ಕೈ ನೋಡಿ. ಈ ಎಡಗೈ ಮೋಟರು. ಇದರಿಂದ ಒಂದು ಉಕ್ಕಿನ ದಂಡ, ಶಾಫ್ಟು, ಹೊರಗೆ ಬರುತ್ತದೆ, ತಿರುಗುತ್ತದೆ. ಈ ಬಲಗೈ ಪಂಪು. ಇದರಿಂದಲೂ ಒಂದು ದಂಡ. ಎರಡು ದಂಡಗಳ ತುದಿಗಳೂ ಎದುರುಬದುರು ನಿಂತಿವೆ, ಒಂದನ್ನೊಂದು ಮುಟ್ಟುವುದಿಲ್ಲ. ಮೋಟರಿನ ತಿರುಗುವಿಕೆ ಪಂಪಿಗೆ ದಾಟಬೇಕಲ್ಲ? ಹಾಗಾಗಿ ಎರಡೂ ತುದಿಗೆ ಒಂದೊಂದು ಹಲ್ಲಿನ ಚಕ್ರ ಕೂರಿಸುತ್ತಾರೆ. ಹೀಗೆ, ಬೆರಳ ಸಂದಿಗೆ ಬೆರಳು. ಹಲ್ಲು ಹಲ್ಲಿಗೆ ಬಡಿಯದ ಹಾಗೆ ನಡುವೆ ನಕ್ಷತ್ರದ ಆಕಾರದ ಒಂದು ರಬ್ಬರು. ಇಷ್ಟೇ ಕಪ್ಲಿಂಗ್. ಆ ರಬ್ಬರು ನಕ್ಷತ್ರವನ್ನು ನಾನೇ ಸ್ಟೋರಿನಿಂದ ಕೊಡುತ್ತಿದ್ದೆ.

ಇದನ್ನು ಫಿಟ್ಟರಣ್ಣ ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಒಮ್ಮೆ ಹೇಳಿದರು — ‘ನೋಡು, ಈ ಕಡೆ ನಾನು, ಆ ಕಡೆ ನಿಮ್ಮತ್ತಿಗೆ. ಇಬ್ರೂ ಕಬ್ಬಿಣ. ನಡುವೆ ಈ ಮಗಳೊಬ್ಳು ರಬ್ಬರ್ ತುಂಡು ಇಲ್ದಿದ್ರೆ ಯಾವತ್ತೋ ಹಲ್ಲು ಮುರ್ಕೊಂಡಿರ್ತಿದ್ವಿ.’ ಅತ್ತಿಗೆ ಸಾರಿನ ಸೌಟು ಹಿಡಿದೇ ಕೇಳಿದರು, ‘ಮೋಟರ್ ಯಾರು, ಪಂಪ್ ಯಾರು? ಅದನ್ನ ಮೊದ್ಲು ಹೇಳಿ.’ ಫಿಟ್ಟರಣ್ಣ ತಟ್ಟೆ ನೋಡಿಕೊಂಡು ಹೇಳಿದರು, ‘ಸಾರು ಚೆನ್ನಾಗಿದೆ.’

ಕಪ್ಲಿಂಗ್ ತೆರೆದ ಜಾಗದಲ್ಲಿ, ಮನುಷ್ಯನ ಸೊಂಟದ ಎತ್ತರದಲ್ಲಿ ತಿರುಗುತ್ತದೆ. ಅದಕ್ಕೇ ಅದರ ಮೇಲೆ ಕಬ್ಬಿಣದ ಹಳದಿ ಮುಚ್ಚಳ ಇರುತ್ತದೆ. ಆ ಮುಚ್ಚಳ ಯಾವ ಪುಣ್ಯಾತ್ಮನ ಔದಾರ್ಯವೂ ಅಲ್ಲ. ನಾನು ಸ್ಟೋರಿನಲ್ಲಿ ಕೂತು ಪುಸ್ತಕ ಓದುತ್ತೇನೆ, ಸಾಹೇಬರಿಗೂ ಗೊತ್ತು, ಬೈದಿದ್ದಾರೆ ಕೂಡ. ಹಳೆಯ ಕಾರ್ಖಾನೆಗಳ ಚರಿತ್ರೆ ಓದಿದ ಯಾರನ್ನಾದರೂ ಕೇಳಿ. ತಿರುಗುವ ದಂಡಗಳಿಗೆ ಜನರ ತೋಳು ಸಿಕ್ಕಿ, ಹೆಣ್ಣುಮಕ್ಕಳ ಕೂದಲು ಸಿಕ್ಕಿ, ಕೆಲಸದವರು ಕೂಗಿ, ಕೆಲಸ ನಿಲ್ಲಿಸಿ, ಬೈಸಿಕೊಂಡು, ಹೊಡೆಸಿಕೊಂಡು ಪಡೆದದ್ದು ಆ ಮುಚ್ಚಳ. ಅಂಥದ್ದನ್ನು ನಮ್ಮವರು ತೆಗೆಸಿದರು. ಯಾಕೆ ತೆಗೆಸಿದರು? ಚೆನ್ನಾಗಿ ಕಾಣಲಿ ಅಂತ.

ಹೋದ ವರ್ಷ ನಮ್ಮ ಪಂಪ್‌ಮನೆ ನವೀಕರಣವಾಯಿತು. ಹೊಸ ಮೋಟರುಗಳು ಬಂದವು, ಹೊಳೆಯುವ ಹೊಸ ಕಪ್ಲಿಂಗುಗಳು ಬಂದವು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ. ಇಷ್ಟೆಲ್ಲ ತರಿಸಿ ಮುಚ್ಚಳದ ಕೆಳಗೆ ಬಚ್ಚಿಟ್ಟರೆ ಅವರು ನೋಡುವುದೇನನ್ನು? ಮುಚ್ಚಳ ತೆಗೆಸಿದರು. ಪಂಪಿನ ಪಕ್ಕದಲ್ಲಿದ್ದ ಸ್ವಿಚ್ಚಿನ ಪೆಟ್ಟಿಗೆಗಳು ಅಸಹ್ಯವಾಗಿ ಕಾಣುತ್ತವೆ ಅಂತ ಮಹಡಿಯ ಮೇಲಿನ ಗಾಜಿನ ಕೋಣೆಗೆ ಸಾಗಿಸಿದರು. ಕಿಟಕಿಗಳಿದ್ದವು, ಎತ್ತರದ ಕಿಟಕಿಗಳು, ಹಗಲಿನಲ್ಲಿ ಹಾಲ್ ತುಂಬ ಬಿಸಿಲು ಸುರಿಯುತ್ತಿತ್ತು. ಆ ಕಿಟಕಿಗಳಿಗೆ ಅಡ್ಡಲಾಗಿ ಫಲಕ ಹೊಡೆಸಿದರು. ಏನು ಫಲಕ? ನಮ್ಮ ಸಾಧನೆಗಳು. ಸಾಧನೆಗಳಿಂದ ಬೆಳಕು ನಿಂತುಹೋಯಿತು, ಅದಕ್ಕೆ ಸಾಲಾಗಿ ಹೊಸ ದೀಪ ಹಾಕಿಸಿದರು. ಬೆಳ್ಳಗೆ, ಆಭರಣದ ಅಂಗಡಿಯ ಹಾಗೆ.

ಎಲ್ಲ ಒಂದೇ ಕಾರಣಕ್ಕೆ. ಬಂದವರು ನೋಡಿ ‘ಚೆನ್ನಾಗಿದೆ’ ಅನ್ನಲಿ ಅಂತ. ಬಂದವರು ನೋಡಿದರು, ‘ಚೆನ್ನಾಗಿದೆ’ ಅಂದರು, ಹೋದರು. ಮುಚ್ಚಳಗಳು ನನ್ನ ಸ್ಟೋರಿಗೆ ಬಂದವು, ‘ಸದ್ಯಕ್ಕೆ ಇಟ್ಟಿರಿ’ ಅಂತ.

ಆ ವಾರವೇ ಫಿಟ್ಟರಣ್ಣ ಸ್ಟೋರಿನ ಬಾಗಿಲಿಗೆ ಬಂದು ನಿಂತರು.

‘ಏನಪ್ಪಾ ಸ್ಟೋರು, ಆ ಮುಚ್ಚಳಗಳನ್ನ ಕಾವಿಗೆ ಕೂರಿಸಿದೀಯಾ? ಯಾವಾಗ ಮರಿ ಆಗುತ್ತೆ?’

‘ಅಣ್ಣ, ಮೇಲಿನಿಂದ ಚೀಟಿ ಬೇಕು.’

‘ಚೀಟಿ ಹೋಗಿ ಶಾಫ್ಟಿಗೆ ಅಡ್ಡ ನಿಲ್ಲುತ್ತಾ? ಮೂರನೇ ಪಂಪಿಂದು ಕೊಡು. ಅದು ಓಡಾಡೋ ದಾರೀಲಿದೆ.’

ಕೊಟ್ಟೆ. ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಕೂರಿಸಿದರು. ಮಾರನೆಯ ಬೆಳಿಗ್ಗೆ ಸೂಪರ್‌ವೈಸರು ಅದನ್ನೇ ಹೊತ್ತು ವಾಪಸ್ ತಂದರು. ‘ಸಾಹೇಬ್ರು ಬೈದ್ರು ಮಾರಾಯ್ರೆ. ನಾಳೆ ಯಾರೋ ನೋಡೋಕೆ ಬರ್ತಾರಂತೆ.’ ಆ ನಾಳೆ ಒಂದು ವರ್ಷ ನಡೆಯಿತು.

ಇನ್ನು ದೀಪದ ವಿಷಯ. ಇಲ್ಲಿ ಒಬ್ಬರ ಹೆಸರು ಹೇಳುವುದಿಲ್ಲ, ಅವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ತಿರುಗಿ ನೋಡಬೇಡಿ. ನಾವು ಅವರನ್ನು ಚಿಕ್ಕ ಮೇಡಂ ಅನ್ನುತ್ತೇವೆ. ಎಂಜಿನಿಯರು. ಉದ್ಘಾಟನೆ ಆದ ಮೇಲೆ ಅಧಿಕಾರಿಗಳ ಸಭೆಯಲ್ಲಿ ಅವರು ಎದ್ದು ಹೇಳಿದರು, ‘ಸರ್, ಈ ಹೊಸ ದೀಪದ ಕೆಳಗೆ ಓಡ್ತಿರೋ ಕಪ್ಲಿಂಗ್ ನಿಂತ ಹಾಗೆ ಕಾಣುತ್ತೆ. ಅಪಾಯ.’

ದೀಪ ಒಂದೇ ಸಮ ಉರಿಯುವ ಹಾಗೆ ನಮಗೆ ಕಾಣುತ್ತದೆ, ನಿಜವಾಗಿ ಅದು ಆರಿ ಹತ್ತಿ ಆರಿ ಹತ್ತಿ ಮಾಡುತ್ತಿರುತ್ತದೆ, ಕಣ್ಣಿಗೆ ತಿಳಿಯದಷ್ಟು ಬೇಗ. ಅದನ್ನು ಮೇಡಂ ಸಭೆಯಲ್ಲಿ ಹೀಗೆ ವಿವರಿಸಿದರಂತೆ, ಫಿಟ್ಟರಣ್ಣ ಹೋದ ಮೇಲೆ ನನಗೂ ಹೀಗೇ ಹೇಳಿದರು. ಒಂದು ದುಂಡು ಮೇಜಿನ ಸುತ್ತ ನಾಲ್ಕು ಜನ ಕೂತಿದ್ದಾರೆ ಅನ್ನಿ. ನಾಲ್ವರದೂ ಒಂದೇ ಮುಖ, ಒಂದೇ ಅಂಗಿ. ದೀಪ ಆರಿದಾಗ ಪ್ರತಿಯೊಬ್ಬರೂ ಪಕ್ಕದ ಕುರ್ಚಿಗೆ ಸರಿಯುತ್ತಾರೆ. ದೀಪ ಹತ್ತಿದಾಗ ನೀವು ನೋಡುತ್ತೀರಿ — ಎಲ್ಲ ಇದ್ದ ಹಾಗೇ ಇದೆ, ಯಾರೂ ಕದಲಿಲ್ಲ. ಇಡೀ ದಿನ ಅವರು ಮೇಜು ಸುತ್ತುತ್ತಿರಲಿ, ನಿಮ್ಮ ಕಣ್ಣಿಗೆ ಕೂತೇ ಇದ್ದಾರೆ. ಕಪ್ಲಿಂಗಿನ ಹಲ್ಲುಗಳೂ ಹಾಗೆಯೇ, ಎಲ್ಲ ಒಂದೇ ಥರ. ಇನ್ನು, ಆ ನಾಲ್ವರೂ ಪ್ರತಿ ಸಲ ಪಕ್ಕದ ಕುರ್ಚಿಯನ್ನು ಪೂರ್ತಿ ಮುಟ್ಟದೆ ಒಂದು ಕೂದಲೆಳೆಯಷ್ಟು ಹಿಂದೆ ಉಳಿದರೆ? ಆಗ ಎಲ್ಲರೂ ನಿಧಾನವಾಗಿ ಹಿಂದು ಹಿಂದಕ್ಕೆ ಜಾರುತ್ತಿರುವ ಹಾಗೆ ಕಾಣುತ್ತದೆ. ಇದನ್ನು ನೆನಪಿಡಿ. ನಿಧಾನವಾಗಿ, ಹಿಂದಕ್ಕೆ.

ಇದೇನು ಗುಪ್ತವಿದ್ಯೆಯಲ್ಲ. ಎಂಜಿನಿಯರಿಂಗ್ ಓದಿದವರೆಲ್ಲ ಓದಿರುತ್ತಾರೆ. ಸಾಹೇಬರೂ ಓದಿದ್ದಾರೆ, ನನಗಿಂತ ಸಾವಿರ ಪಾಲು ಚೆನ್ನಾಗಿ ಗೊತ್ತು. ನನ್ನ ಸಿಟ್ಟು ಅಲ್ಲೇ ಇರುವುದು. ತಿಳಿಯದವರ ಮೇಲೆ ಸಿಟ್ಟು ಮಾಡಿ ಏನು ಬಂತು? ಇಲ್ಲಿ ತಿಳಿದಿತ್ತು. ಹೇಳಿದವರಿದ್ದರು. ಉತ್ತರ ಏನು ಬಂತು ಗೊತ್ತೆ? ‘ಮೇಡಂ, ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ.’ ಸಭೆ ನಕ್ಕಿತು. ಮುಂದಿನ ತಿಂಗಳು ಚಿಕ್ಕ ಮೇಡಂ ಮೀಟರ್ ವಿಭಾಗದಲ್ಲಿದ್ದರು. ಪಂಪ್‌ಮನೆಗೆ ಕಾಲಿಡುವ ಹಾಗಿಲ್ಲ, ಪಂಪ್‌ಮನೆಯವರ ಜೊತೆ ‘ಅನಗತ್ಯ ಚರ್ಚೆ’ ಮಾಡುವ ಹಾಗಿಲ್ಲ. ಅಲ್ಲಿಗೆ ಆ ಮಾತು ಮಹಡಿಯ ಮೇಲೆಯೇ ಉಳಿಯಿತು. ಕೆಳಗೆ ಕೆಲಸ ಮಾಡುವವರ ಕಿವಿಗೆ ಬೀಳಲಿಲ್ಲ. ಫಿಟ್ಟರಣ್ಣನ ಕಿವಿಗೂ ಬೀಳಲಿಲ್ಲ.

ಆ ದಿನ.

ಅತ್ತಿಗೆ, ನಾನು ಹೆಚ್ಚು ಹೇಳುವುದಿಲ್ಲ. ಬೇಕಾದಷ್ಟೇ ಹೇಳುತ್ತೇನೆ.

ಬೆಳಗಿನ ಪಾಳಿ. ಮೂರನೇ ಪಂಪನ್ನು ನಿಲ್ಲಿಸಿ ಅದರ ರಬ್ಬರು ನಕ್ಷತ್ರ ಬದಲಿಸಬೇಕಿತ್ತು. ಪಂಪು ನಿಲ್ಲಿಸಿದರು. ಫಿಟ್ಟರಣ್ಣ ನನ್ನ ಹತ್ತಿರ ಬಂದು ಹೊಸ ನಕ್ಷತ್ರ ತೆಗೆದುಕೊಂಡರು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಇನ್ನೊಂದು ಸಲ ತಿರುಗಿಸಿ, ‘ಇದು ಪರವಾಗಿಲ್ಲ’ ಅಂದು ಹೋದರು. ಅಷ್ಟರೊಳಗೆ ಊರಿನ ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದಿದೆ. ಟ್ಯಾಂಕು ಇಳಿದರೆ ಮೂರನೇ ಪಂಪು ತಾನಾಗಿ ಚಾಲೂ ಆಗುವ ಹಾಗೆ ಹೊಸ ವ್ಯವಸ್ಥೆ. ಮೊದಲಾದರೆ ಫಿಟ್ಟರು ಪಕ್ಕದ ಪೆಟ್ಟಿಗೆಯ ಹಿಡಿಕೆ ಎಳೆದು, ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಈಗ ಹಿಡಿಕೆ ಮಹಡಿಯ ಗಾಜಿನ ಕೋಣೆಯಲ್ಲಿ. ಆ ಕೋಣೆಗೆ ಕೆಳಗಿನವರು ಬೂಟು ಹಾಕಿಕೊಂಡು ಬರಬಾರದು, ಸಣ್ಣಪುಟ್ಟದ್ದಕ್ಕೆಲ್ಲ ಮೇಲೆ ಬಂದು ತೊಂದರೆ ಕೊಡಬಾರದು ಅಂತ ಸುತ್ತೋಲೆ ಇದೆ. ಗೋಡೆಗೆ ಅಂಟಿಸಿದ್ದಾರೆ, ಯಾರು ಬೇಕಾದರೂ ಹೋಗಿ ಓದಿ.

ಪಂಪು ಚಾಲೂ ಆಯಿತು. ಅಕ್ಕಪಕ್ಕದ ಪಂಪುಗಳು ಮೊದಲೇ ಗುಡುಗುತ್ತಿದ್ದವು, ಕಿವಿಗೆ ವ್ಯತ್ಯಾಸ ತಿಳಿಯುವ ಮಾತೇ ಇಲ್ಲ. ಫಿಟ್ಟರಣ್ಣ ಬಂದರು. ಬಂದು ಏನು ಮಾಡಿದರು? ನೋಡಿದರು. ಎದುರಿಗಿದ್ದ ಆಪರೇಟರು ಕಂಡಿದ್ದಾರೆ, ಹೇಳಿಕೆಯನ್ನೂ ಕೊಟ್ಟಿದ್ದಾರೆ. ಬಗ್ಗಿ ನೋಡಿದರು, ಆ ಕಡೆ ಹೋಗಿ ನೋಡಿದರು. ಎರಡು ಸಲ. ಅವರಿಗೆ ಕಂಡದ್ದು — ನಿಧಾನವಾಗಿ ಹಿಂದಕ್ಕೆ ತಿರುಗುತ್ತಿರುವ ಕಪ್ಲಿಂಗ್.

ನನ್ನಂಥವನು, ನಿಮ್ಮಂಥವರು ಅದನ್ನು ಕಂಡಿದ್ದರೆ ಕೈ ಹಾಕುತ್ತಿರಲಿಲ್ಲ. ಏನೋ ತಿರುಗುತ್ತಿದೆ ಅಂತ ಹೆದರಿ ದೂರ ನಿಲ್ಲುತ್ತಿದ್ದೆವು, ಬದುಕುತ್ತಿದ್ದೆವು. ಕೆಲಸ ಗೊತ್ತಿದ್ದವರೇ ಇದಕ್ಕೆ ಸಿಕ್ಕಿಬೀಳಬೇಕು. ಯಾಕೆಂದರೆ ಪಂಪು ನಿಲ್ಲಿಸಿದಾಗ ಮೇಲೆ ಹೋದ ನೀರು ಪೈಪಿನೊಳಗೆ ಸ್ವಲ್ಪ ವಾಪಸ್ ಇಳಿಯುತ್ತದೆ. ಇಳಿಯುವಾಗ ಪಂಪನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತದೆ. ಮೋಟರು ಸತ್ತಿದೆ ಅನ್ನುವುದಕ್ಕೆ ಫಿಟ್ಟರುಗಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಹಾಗೆ ಹಿಂದಕ್ಕೆ ಉರುಳುವ ಕಪ್ಲಿಂಗಿನ ಮೇಲೆ ಅಂಗೈ ಇಟ್ಟು ನಿಲ್ಲಿಸುವುದು ಅವರ ವಾಡಿಕೆ. ತೂಗುತ್ತಿರುವ ತೊಟ್ಟಿಲನ್ನು ನಿಲ್ಲಿಸುವ ಹಾಗೆ. ಪಂಪ್‌ಮನೆಯ ಯಾವ ಫಿಟ್ಟರಾದರೂ ಹಾಗೇ ಮಾಡುತ್ತಿದ್ದರು. ಫಿಟ್ಟರಣ್ಣ ಹಾಗೇ ಮಾಡಿದರು.

ಮುಂದಿನದು ಬೇಡ.

ವಿಚಾರಣೆಗೆ ಅಂತ ಒಬ್ಬ ಅಧಿಕಾರಿ ಬಂದರು. ನಾನೂ ಸೂಪರ್‌ವೈಸರೂ ಅವರನ್ನು ಪಂಪ್‌ಮನೆಗೆ ಕರೆದುಕೊಂಡು ಹೋಗಿ ಮೂರನೇ ಪಂಪಿನ ಮುಂದೆ ನಿಲ್ಲಿಸಿದೆವು.

‘ಸರ್, ಇದು ಓಡ್ತಿದೆಯೋ ನಿಂತಿದೆಯೋ ಹೇಳಿ.’

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ‘ನಿಂತಿದೆಯಲ್ರೀ. ಸುಮ್ನೆ ಹಿಂದಕ್ಕೆ ಉರುಳ್ತಿದೆ.’

ನಾನು ದಿನಪತ್ರಿಕೆಯನ್ನು ಸುರುಳಿ ಸುತ್ತಿ ಅದರ ತುದಿಯನ್ನು ಮುಟ್ಟಿಸಿದೆ. ಕೈಯಲ್ಲಿ ಉಳಿದದ್ದು ಇಷ್ಟು — ಈ ಬೆರಳಿನಷ್ಟು. ಮಿಕ್ಕಿದ್ದೆಲ್ಲ ಚೂರು ಚೂರಾಗಿ ಆ ಅಧಿಕಾರಿಯ ಅಂಗಿಯ ಮೇಲೆ, ತಲೆಯ ಮೇಲೆ. ಅವರು ಹಿಂದೆ ಹಿಂದೆ ಹೋಗಿ ಗೋಡೆಗೆ ಒರಗಿದರು. ನೀರು ಕೇಳಿದರು. ಕೊಟ್ಟೆವು. ಈಗಲಾದರೂ ಬರೆಯುತ್ತಾರೆ ಅಂದುಕೊಂಡೆವು.

‘ನೀವು ಹೇಳೋದು ಸರಿ ಇರಬಹುದು,’ ಅಂದರು. ‘ಆದ್ರೆ ದೀಪ ನನ್ನ ವಿಚಾರಣೆ ವ್ಯಾಪ್ತಿಗೆ ಬರಲ್ಲ.’

‘ಮತ್ತೆ ನಿಮ್ಮ ವ್ಯಾಪ್ತಿ ಯಾವುದು ಸರ್?’

‘ಮೃತರ ವರ್ತನೆ.’

ಕೇಳಿಸಿಕೊಂಡಿರಾ? ಮೃತರ ವರ್ತನೆ. ದೀಪದ ವರ್ತನೆ ಬರುವುದಿಲ್ಲ, ಮುಚ್ಚಳ ತೆಗೆಸಿದವರ ವರ್ತನೆ ಬರುವುದಿಲ್ಲ, ‘ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ’ ಅಂದವರ ವರ್ತನೆ ಬರುವುದಿಲ್ಲ. ಇಡೀ ಕೇಂದ್ರದಲ್ಲಿ ಎದ್ದು ಬಂದು ಉತ್ತರ ಹೇಳಲಾಗದವರು ಒಬ್ಬರೇ, ಪ್ರಶ್ನೆಯೆಲ್ಲ ಅವರಿಗೇ.

ಎಚ್ಚರಿಕೆಯಿಂದ ಇದ್ದವರು ಯಾರು, ಇಲ್ಲದವರು ಯಾರು, ನೀವೇ ಹೇಳಿ. ಮುಚ್ಚಳ ಹೊತ್ತು ತಂದು ಕೂರಿಸಿದವರು ಎಚ್ಚರಿಕೆಯವರು. ಅದನ್ನು ಬಿಚ್ಚಿಸಿದವರಿಗೆ ಈ ಹಾಳೆಯಲ್ಲಿ ಏನು ಪದವಿದೆ? ಹುಡುಕಿದೆ. ಕೆಳಗಡೆ ಇದೆ. ‘ಶೋಕತಪ್ತ ಆಡಳಿತ ವರ್ಗ.’

ನಿನ್ನೆ ನಾನು ಸಾಹೇಬರ ಕೋಣೆಗೆ ಹೋಗಿ ಕೇಳಿಕೊಂಡೆ, ಆ ಒಂದು ಪದ ತೆಗೆಯಿರಿ ಅಂತ. ಸಾಹೇಬರೇ, ನೀವು ಹೇಳಿದ್ದನ್ನು ಹಾಗೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ‘ಒಂದು ಪದಕ್ಕೆ ಯಾಕ್ರೀ ಇಷ್ಟು ಗಲಾಟೆ? ಹೋದವ್ರು ಬಂದು ಓದ್ತಾರಾ?’ ಅಂದಿರಿ. ಮಗಳಿಗೆ ಓದೋಕೆ ಬರುತ್ತೆ ಸರ್, ಅಂದೆ.

ಯಾಕೆ ಈ ಪದಕ್ಕೆ ಇಷ್ಟು ಪಟ್ಟು ಅಂತ ನಿಮಗೂ ಅನ್ನಿಸಬಹುದು. ಈ ಪದ ಅಂಗೀಕಾರವಾದರೆ ವಿಚಾರಣೆಯ ವರದಿಯಲ್ಲೂ ಇದೇ ಬರುತ್ತದೆ — ಸಹೋದ್ಯೋಗಿಗಳೇ ಸರ್ವಾನುಮತದಿಂದ ಒಪ್ಪಿದ್ದಾರಲ್ಲ. ತಪ್ಪು ಸತ್ತವರದು ಅಂತ ಆದ ಮೇಲೆ ಬದುಕಿರುವವರು ಏನನ್ನೂ ಬದಲಿಸಬೇಕಿಲ್ಲ. ಆ ದೀಪಗಳು ಇರಬಹುದು. ಸ್ವಿಚ್ಚು ಮಹಡಿಯ ಮೇಲೆ ಇರಬಹುದು. ಗೋಡೆಯಾಚೆ ಆ ಗುಡುಗು ಕೇಳಿಸುತ್ತಿದೆಯಲ್ಲ? ಅದರಲ್ಲಿ ಮೂರನೇ ಪಂಪೂ ಇದೆ. ತೊಳೆದು, ಒರೆಸಿ, ಮರುದಿನವೇ ಚಾಲೂ ಮಾಡಿದರು. ಊರಿಗೆ ನೀರು ಬೇಕು, ಒಪ್ಪುತ್ತೇನೆ. ಮುಚ್ಚಳ ಮಾತ್ರ ಇವತ್ತಿಗೂ ನನ್ನ ಸ್ಟೋರಿನಲ್ಲಿದೆ. ಕೇಳಿದರೆ, ವಿಚಾರಣೆ ಮುಗಿಯುವವರೆಗೆ ಅಲ್ಲಿ ಏನನ್ನೂ ಮುಟ್ಟಬಾರದಂತೆ. ಈಗ ಈ ಹೊತ್ತಿಗೆ ಆ ಕಪ್ಲಿಂಗಿನ ಪಕ್ಕದಲ್ಲಿ ನಮ್ಮವರೇ ಇನ್ನೊಬ್ಬರು ಕೆಲಸ ಮಾಡುತ್ತಿದ್ದಾರೆ. ಅವರಿಗಾಗಿ ಒಂದು ಹೊಸ ಪದವನ್ನು ಈಗಲೇ ಹುಡುಕಿಡಬಹುದು.

ಮಗಳೇ, ನಿನಗೊಂದು ಮಾತು.

ಅಪ್ಪ ಹೋದ ಮಾರನೆಯ ದಿನ ನಿಮ್ಮ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ ನೀನು ನನ್ನನ್ನು ಕೇಳಿದೆ. ‘ಚಿಕ್ಕಪ್ಪಾ, ಅಪ್ಪ ಯಾಕೆ ನೋಡ್ಲಿಲ್ಲ? ಗ್ಯಾಸ್ ಆರ್ಸಿದೀಯಾ ನೋಡು ಅಂತ ನನ್ನನ್ನ ಬಸ್ ಸ್ಟಾಪಿಂದ ವಾಪಸ್ ಕಳಿಸ್ತಿದ್ರಲ್ಲ. ತಾವ್ಯಾಕೆ ನೋಡ್ಲಿಲ್ಲ?’ ಆವತ್ತು ಮನೆತುಂಬ ಜನ. ನನಗೂ ಎಲ್ಲ ತಿಳಿದಿರಲಿಲ್ಲ. ಇವತ್ತು ಇಷ್ಟು ಜನರ ಮುಂದೆ, ನಿಮ್ಮಪ್ಪನ ಮೇಲಧಿಕಾರಿಗಳ ಮುಂದೆ ಉತ್ತರ ಕೊಡುತ್ತೇನೆ.

ನೋಡಿದರು ಮಗಳೇ. ನಿಮ್ಮಪ್ಪ ನೋಡಿದರು. ಯಾವಾಗಲೂ ನೋಡುವ ಹಾಗೆಯೇ ನೋಡಿದರು. ಅವರ ಕಣ್ಣಿನಲ್ಲಿ ದೋಷವಿರಲಿಲ್ಲ, ಅವರ ಬುದ್ಧಿಯಲ್ಲಿ ದೋಷವಿರಲಿಲ್ಲ. ಅವರಿಗೆ ಸುಳ್ಳು ತೋರಿಸಲಾಯಿತು. ನಿನ್ನ ಹತ್ತಿರ ಯಾರಾದರೂ, ಯಾವತ್ತಾದರೂ, ಎಲ್ಲಾದರೂ ‘ನಿಮ್ಮ ತಂದೆ ಸ್ವಲ್ಪ ನೋಡಿಕೊಂಡಿದ್ದರೆ...’ ಅಂತ ಶುರು ಮಾಡಿದರೆ ಅವರನ್ನು ಮುಗಿಸಲು ಬಿಡಬೇಡ.

ಇಷ್ಟೇ. ಎರಡು ಮಾತು ಅಂದಿದ್ದರು, ಜಾಸ್ತಿಯಾಯಿತು.

ಈಗ ನಾವೆಲ್ಲ ಮೌನವಾಗಿ ನಿಲ್ಲುವ ಹೊತ್ತು. ಏಳಬೇಡಿ, ಒಂದು ಕ್ಷಣ. ಆ ಹಾಳೆಯನ್ನು ಕುರ್ಚಿಯ ಕೆಳಗೆ ಇಡಿ. ಅದಕ್ಕೆ ನಾವು ನಿಲ್ಲುವುದಿಲ್ಲ. ಬೇರೆ ನಿರ್ಣಯ ಹೇಳುತ್ತೇನೆ. ಉದ್ದವಿಲ್ಲ, ಬಾಯಲ್ಲೇ ಹೇಳಬಹುದು. ಗುಮಾಸ್ತರೇ, ಬರೆದುಕೊಳ್ಳಿ.

‘ನಮ್ಮ ಫಿಟ್ಟರಣ್ಣ ನೋಡಿಯೇ ಕೈ ಇಟ್ಟರು. ಓಡುತ್ತಿದ್ದದ್ದನ್ನು ನಿಂತಂತೆ ತೋರಿಸಿದ್ದು ಈ ಸಂಸ್ಥೆ. ಅವರ ಸಾವಿಗೆ ಈ ಸಂಸ್ಥೆ ಹೊಣೆ. ಮೂರನೇ ಪಂಪಿನ ಕಪ್ಲಿಂಗಿಗೆ ಈ ಸಭೆ ಮುಗಿದ ಕೂಡಲೇ ಮುಚ್ಚಳ ಹಾಕಲಾಗುವುದು.’

ಬರೆದಿರಾ? ಕೊನೆಯ ಸಾಲು ಇನ್ನೊಮ್ಮೆ ಹೇಳಲೆ? ಬೇಡ. ಸರಿ.

ಅತ್ತಿಗೆ, ನಿಮಗೆ ಏಳಲು ಆಗದಿದ್ದರೆ ಕೂತೇ ಇರಿ. ಇದು ನಿಮ್ಮಿಂದ ಒಪ್ಪಿಗೆ ಕೇಳುವುದಲ್ಲ, ನಿಮಗೆ ಒಪ್ಪಿಸುವುದು.

ಮ್ಯಾನೇಜರ್ ಸಾಹೇಬರೇ, ನೀವು ಆಗಲೇ ಅರ್ಧ ಎದ್ದಿದ್ದೀರಿ. ಅಭ್ಯಾಸ. ದಯವಿಟ್ಟು ಸ್ವಲ್ಪ ತಡೆಯಿರಿ, ಯೋಚಿಸಿ. ನಮ್ಮಲ್ಲಿ ನಿಂತರೆ ಒಪ್ಪಿದ ಹಾಗೆ, ಇದು ನಿಮ್ಮದೇ ಪದ್ಧತಿ, ನಾವು ಬದಲಿಸಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೂತಿರಿ. ನಿಮ್ಮ ಪಕ್ಕದಲ್ಲಿ ಕೂತವರು ಯಾರು ಅಂತ ಒಮ್ಮೆ ನೋಡಿಕೊಂಡು, ಕೂತಿರಿ.

ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ಮೌನ. ಗಡಿಯಾರ ನೋಡುವುದು ಬೇಡ — ಸಾಹೇಬರು ತೀರ್ಮಾನ ಮಾಡುವವರೆಗೆ ನಿಂತಿರೋಣ.